ಪೊಲೀಸರನ್ನು ಕಾನೂನೇ ಎಷ್ಟು ನಂಬುತ್ತದೆ?

‘ವಿಚಾರಣೆ ವೇಳೆ ಆರೋಪಿಯು ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೊಲೀಸರು ತಿಳಿಸಿದ್ದಾರೆ.’ ಅಪರಾಧ ಸುದ್ದಿಗಳ ಕೊನೆಗೆ ಈ ಸಾಲು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಓದಿದವರ ಮಟ್ಟಿಗೆ ಕೇಸು ಅಲ್ಲಿಗೆ ಮುಗಿಯಿತು. ಕಳ್ಳ ಸಿಕ್ಕಿದ, ಒಪ್ಪಿಕೊಂಡ, ಇನ್ನು ಶಿಕ್ಷೆಯೊಂದೇ ಬಾಕಿ. ವರ್ಷಗಳ ನಂತರ ಅದೇ ಮನುಷ್ಯ ಖುಲಾಸೆಯಾಗಿ ಹೊರಬಂದರೆ ಸಿಟ್ಟು ಬರುತ್ತದೆ. ಒಪ್ಪಿಕೊಂಡವನನ್ನೂ ಬಿಟ್ಟುಬಿಟ್ಟರಲ್ಲ, ವಕೀಲರ ಕೈಚಳಕವೋ, ದುಡ್ಡಿನ ಆಟವೋ ಎಂದು ಮಾತು ಹೊರಡುತ್ತದೆ.

ಎರಡೂ ಅಲ್ಲದಿರಬಹುದು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬುದು ಈ ದೇಶದ ಕಾನೂನು. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಅದು 25ನೇ ಕಲಮು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಕಲಮು. ಪೇದೆಯ ಮುಂದೆ ಹೇಳಿದರೂ ಅಷ್ಟೇ, ಎಸ್‌ಪಿಯ ಮುಂದೆ ಹೇಳಿದರೂ ಅಷ್ಟೇ. ಹೊಡೆದು ಹೇಳಿಸಿದ್ದೋ, ತಾನಾಗಿ ಹೇಳಿದ್ದೋ ಎಂದು ನ್ಯಾಯಾಲಯ ಕೇಳುವುದೇ ಇಲ್ಲ. ಹೇಳಿದ್ದು ಪೊಲೀಸರಿಗೆ ಎಂಬುದೊಂದೇ ಅದನ್ನು ತಳ್ಳಿಹಾಕಲು ಸಾಕು.

ಜನ ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವುದನ್ನು ನಾವು ಸಾಮಾನ್ಯವಾಗಿ ತಿಳಿವಳಿಕೆಯ ಕೊರತೆ ಎಂದು ಬಗೆಯುತ್ತೇವೆ. ಅದಕ್ಕೇ ‘ಜನಸ್ನೇಹಿ ಪೊಲೀಸ್’ ಫಲಕಗಳು, ಶಾಲಾ ಮಕ್ಕಳನ್ನು ಠಾಣೆಗೆ ಕರೆದೊಯ್ದು ಲಾಠಿ, ವಾಕಿಟಾಕಿ ತೋರಿಸುವ ಕಾರ್ಯಕ್ರಮಗಳು. ಆದರೆ ಕಾನೂನಿನ ಪುಸ್ತಕವನ್ನೇ ತೆರೆದು ನೋಡಿದರೆ, ಅದನ್ನು ಬರೆದವರಿಗೂ ಇದೇ ಹಿಂಜರಿಕೆ ಇತ್ತೆಂದು ಕಾಣುತ್ತದೆ. ಜನರ ಅಪನಂಬಿಕೆ ಅಸ್ಪಷ್ಟ, ಕಾನೂನಿನದು ಕರಾರುವಾಕ್ಕು. ಯಾವ ಹಂತದಲ್ಲಿ, ಯಾವ ಕಾಗದದ ವಿಷಯದಲ್ಲಿ, ದಿನದ ಯಾವ ಹೊತ್ತಿನಲ್ಲಿ ಪೊಲೀಸರನ್ನು ನಂಬಬಾರದು ಎಂದು ಅದು ಕಲಮು ಕಲಮಾಗಿ ಬರೆದಿಟ್ಟಿದೆ. ಆ ಜಾಗಗಳನ್ನು ಗುರುತಿಸಿಕೊಂಡರೆ ಭಯ ಹೋಗಿಬಿಡುತ್ತದೆ ಎಂದು ನಾನು ಹೇಳಲಾರೆ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ಮಾತ್ರ ಗೊತ್ತಾಗುತ್ತದೆ.

ಅಪನಂಬಿಕೆ ಹುಟ್ಟಿದ್ದು ಎಲ್ಲಿ

ದಂಡ ಸಂಹಿತೆಗಳಲ್ಲಿ ಕೆಲವು ಕಲಮುಗಳ ಕೆಳಗೆ ಅರ್ಥವಾಗಲೆಂದು ದೃಷ್ಟಾಂತಗಳನ್ನು ಕೊಟ್ಟಿರುತ್ತಾರೆ. 1860ರ ಭಾರತೀಯ ದಂಡ ಸಂಹಿತೆಯ 330ನೇ ಕಲಮು, ತಪ್ಪೊಪ್ಪಿಗೆ ಪಡೆಯಲು ಅಥವಾ ಸ್ವತ್ತನ್ನು ವಾಪಸು ಪಡೆಯಲು ಗಾಯಗೊಳಿಸುವುದರ ಬಗ್ಗೆ. ಏಳು ವರ್ಷಗಳವರೆಗೆ ಸಜೆ. ಅದರ ಮೊದಲ ದೃಷ್ಟಾಂತದಲ್ಲಿ ಪೊಲೀಸ್ ಅಧಿಕಾರಿಯೊಬ್ಬ, ಅಪರಾಧ ಮಾಡಿದ್ದೇನೆಂದು ಒಪ್ಪಿಕೊಳ್ಳುವಂತೆ ಒಬ್ಬನಿಗೆ ಚಿತ್ರಹಿಂಸೆ ಕೊಡುತ್ತಾನೆ. ಎರಡನೆಯದರಲ್ಲಿ ಪೊಲೀಸ್ ಅಧಿಕಾರಿಯೊಬ್ಬ, ಕಳವಿನ ಮಾಲು ಇಟ್ಟ ಜಾಗ ತೋರಿಸುವಂತೆ ಒಬ್ಬನಿಗೆ ಚಿತ್ರಹಿಂಸೆ ಕೊಡುತ್ತಾನೆ. ಮೂರನೆಯದರಲ್ಲಿ ಕಂದಾಯ ಬಾಕಿ ವಸೂಲಿಗಾಗಿ ಹಿಂಸಿಸುವ ಕಂದಾಯ ಅಧಿಕಾರಿ. ಕಾನೂನು ಬರೆಯುವವರಿಗೆ ಉದಾಹರಣೆ ಬೇಕಾದಾಗ ಮೊದಲು ನೆನಪಾದದ್ದು ಡಕಾಯಿತರೋ ಪುಂಡರೋ ಅಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮಿಗೂ ಆ ಪೊಲೀಸ್ ಅಧಿಕಾರಿಗಳು ದಾಟಿ ಬಂದಿದ್ದಾರೆ.

ಕಂದಾಯ ಅಧಿಕಾರಿಯ ಹೆಸರು ಪೊಲೀಸರ ಪಕ್ಕದಲ್ಲೇ ಬಂದದ್ದು ಸುಮ್ಮನೆ ಅಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮದರಾಸು ಪ್ರಾಂತ್ಯದಲ್ಲಿ ಇಬ್ಬರೂ ಒಬ್ಬರೇ ಆಗಿದ್ದರು. ಆಗ ಆ ಪ್ರಾಂತ್ಯದಲ್ಲಿ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಸೇರಿದ್ದವು. ಕಂದಾಯ ಎತ್ತುವ ತಹಸೀಲ್ದಾರನೇ ಪೊಲೀಸ್ ಮುಖ್ಯಸ್ಥ. ವಸೂಲಾಗದ ಕಂದಾಯಕ್ಕೂ ಪತ್ತೆಯಾಗದ ಕಳ್ಳತನಕ್ಕೂ ಮದ್ದು ಒಂದೇ. ಬ್ರಿಟಿಷ್ ಸಂಸತ್ತಿನಲ್ಲಿ ಈ ಬಗ್ಗೆ ಪ್ರಶ್ನೆಗಳೆದ್ದ ಮೇಲೆ ಮದರಾಸು ಸರ್ಕಾರ ವಿಚಾರಣಾ ಆಯೋಗ ರಚಿಸಿತು. 1855ರ ಅದರ ವರದಿಯಲ್ಲಿ ಹಿಂಸೆಯ ಬಗೆಗಳ ಪಟ್ಟಿಯೇ ಇದೆ: ಮರದ ಪಟ್ಟಿಗಳ ನಡುವೆ ಬೆರಳಿಟ್ಟು ಒತ್ತುವ ಕಿಟ್ಟಿ, ಮನುಷ್ಯನನ್ನು ಬಗ್ಗಿಸಿ ತಲೆ ಮೇಲೆತ್ತದಂತೆ ಹಗ್ಗ ಬಿಗಿದು ನಿಲ್ಲಿಸುವುದು, ಹೀಗೆ. ಹಿಂಸೆ ನಡೆಯುತ್ತಿರುವುದು ನಿಜ ಎಂದು ಆಯೋಗ ಒಪ್ಪಿತು. ದೋಷವನ್ನು ಮಾತ್ರ ಕೆಳಗಿನ ದೇಶೀಯ ನೌಕರರ ತಲೆಗೆ ಕಟ್ಟಿ, ಮೇಲಿನ ಬಿಳಿಯ ಅಧಿಕಾರಿಗಳನ್ನು ಬಚಾವು ಮಾಡಿತು. ಇಂದಿಗೂ ಕಾನ್‌ಸ್ಟೆಬಲ್‌ಗಳ ಅಮಾನತಿನಲ್ಲಿ ಮುಗಿದುಹೋಗುವ ಎಷ್ಟೋ ಪ್ರಕರಣಗಳನ್ನು ಕಂಡವರಿಗೆ ಇದು ಹೊಸದೆನಿಸಲಾರದು.

ಮುಂದೆ 1857ರ ದಂಗೆ. ಅದರ ನಂತರ ಸರ್ಕಾರಕ್ಕೆ ಬೇಕಾದದ್ದು ಜನರ ನಡುವೆ ನಿಂತು ಅಪರಾಧ ಪತ್ತೆ ಮಾಡುವ ಪೊಲೀಸರಲ್ಲ, ಜನರನ್ನು ಹತೋಟಿಯಲ್ಲಿಡುವ ದಳ. ಮಾದರಿಯಾಗಿ ಸಿಕ್ಕಿದ್ದು ಲಂಡನ್ನಿನಲ್ಲಿ 1829ರಲ್ಲಿ ಹುಟ್ಟಿದ, ಬಂದೂಕಿಲ್ಲದೆ ಗಸ್ತು ತಿರುಗುವ ಪೊಲೀಸ್ ಅಲ್ಲ. ಆಳಿಸಿಕೊಳ್ಳಲು ಒಪ್ಪದ ಐರ್ಲೆಂಡಿಗಾಗಿ ಕಟ್ಟಿದ್ದ, ಬ್ಯಾರಕ್ಕಿನಲ್ಲಿ ವಾಸಿಸುವ ಸಶಸ್ತ್ರ ಪಡೆ. ಚಾರ್ಲ್ಸ್ ನೇಪಿಯರ್ 1843ರಲ್ಲೇ ಸಿಂಧ್ ಪ್ರಾಂತ್ಯದಲ್ಲಿ ಅದನ್ನು ಪ್ರಯೋಗಿಸಿದ್ದ. 1861ರ ಪೊಲೀಸ್ ಕಾಯ್ದೆ ಅದೇ ಅಚ್ಚನ್ನು ದೇಶಕ್ಕೆ ಹರಡಿತು.

ಅದೇ 1861ರಲ್ಲಿ ಮೊದಲ ದಂಡ ಪ್ರಕ್ರಿಯಾ ಸಂಹಿತೆಯೂ ಬಂತು. ಪೊಲೀಸರಿಗೆ ಹೇಳಿದ ತಪ್ಪೊಪ್ಪಿಗೆ ನಡೆಯುವುದಿಲ್ಲ ಎಂಬ ನಿಯಮ ಮೊದಲು ಕಾಣಿಸಿಕೊಂಡದ್ದು ಅಲ್ಲಿ. ಒಂದು ಕೈಯಲ್ಲಿ ಪೊಲೀಸರಿಗೆ ಲಾಠಿ ಕೊಟ್ಟ ಸರ್ಕಾರ, ಅದೇ ವರ್ಷ ಇನ್ನೊಂದು ಕೈಯಲ್ಲಿ ಅವರ ಮಾತನ್ನು ನಂಬಬೇಡಿ ಎಂದು ನ್ಯಾಯಾಧೀಶರಿಗೆ ಬರೆದುಕೊಟ್ಟಿತು. ಪೊಲೀಸರನ್ನು ಸರಿಪಡಿಸುವುದಕ್ಕಿಂತ ಅವರನ್ನು ನಂಬದಿರುವುದು ಅಗ್ಗ. ಆ ಅಗ್ಗದ ದಾರಿಯಲ್ಲೇ ನಾವಿನ್ನೂ ನಡೆಯುತ್ತಿದ್ದೇವೆ.

ಇಂಗ್ಲೆಂಡಿನಲ್ಲಿ ಇಂಥ ನಿಷೇಧವಿಲ್ಲ. ಅಲ್ಲಿ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ, ಬಲವಂತದ್ದಲ್ಲದಿದ್ದರೆ, ಸಾಕ್ಷ್ಯವಾಗುತ್ತದೆ. ತಮ್ಮ ಊರಿನಲ್ಲಿ ನಂಬಿದ್ದನ್ನು ಇಲ್ಲಿ ಅವರು ನಂಬಲಿಲ್ಲ. (ಅಲ್ಲಿನ ನಂಬಿಕೆಯೂ ಕೈಕೊಟ್ಟಿತು. ಬರ್ಮಿಂಗ್‌ಹ್ಯಾಮ್ ಬಾಂಬ್ ಪ್ರಕರಣದಲ್ಲಿ 1975ರಲ್ಲಿ ಶಿಕ್ಷೆಗೊಳಗಾದ ಆರು ಮಂದಿ 1991ರಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾದರು. ಅವರ ವಿರುದ್ಧದ ಸಾಕ್ಷ್ಯಗಳಲ್ಲಿ ಪೊಲೀಸರು ಪಡೆದ ತಪ್ಪೊಪ್ಪಿಗೆಗಳೂ ಇದ್ದವು.)

ಮೂರು ಬಗೆಯ ಕಾಗದ

ಠಾಣೆಯಲ್ಲಿ ಹುಟ್ಟುವ ಕಾಗದಗಳೆಲ್ಲ ಒಂದೇ ತೂಕದವಲ್ಲ. ಜನರಿಗೆ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿ.

ದೂರು ಕೊಟ್ಟವರು ದೂರಿಗೆ ಸಹಿ ಮಾಡಬೇಕು. ಅದನ್ನು ಅವರಿಗೆ ಓದಿ ಹೇಳಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮಿಂಚಂಚೆಯಂಥ ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದ ದೂರಾದರೆ ಮೂರು ದಿನದೊಳಗೆ ಸಹಿ. ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು.

ತನಿಖೆಯಲ್ಲಿ ಸಾಕ್ಷಿಗಳಿಂದ ಬರೆದುಕೊಳ್ಳುವ ಹೇಳಿಕೆಗೆ ಮಾತ್ರ ಸಹಿ ಹಾಕಿಸಿಕೊಳ್ಳುವಂತಿಲ್ಲ. ವಕೀಲರ ಬಾಯಲ್ಲಿ ಇಂದಿಗೂ ಅದು ‘161 ಹೇಳಿಕೆ’. ಹೊಸ ಸಂಹಿತೆಯಲ್ಲಿ 180, ಸಹಿ ಬೇಡವೆನ್ನುವುದು 181. ಪೊಲೀಸರು ತಮಗೆ ಬೇಕಾದಂತೆ ಬರೆದು ಸಾಕ್ಷಿಯನ್ನು ಅದಕ್ಕೆ ಕಟ್ಟಿಹಾಕಬಾರದು ಎಂಬುದು ಇದರ ಹಿಂದಿನ ಎಚ್ಚರ. ಸಾಕ್ಷಿ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಹೇಳಿದ್ದೇ ಸಾಕ್ಷ್ಯ. ಮೊದಲು ಬೇರೆ ಹೇಳಿದ್ದನಲ್ಲ ಎಂದು ತೋರಿಸಲಷ್ಟೇ ಪೊಲೀಸರು ಬರೆದುಕೊಂಡದ್ದು ಬಳಕೆಯಾಗುತ್ತದೆ. ಆದ್ದರಿಂದ ‘ನಾನು ಸಾಕ್ಷಿ ಹೇಳಿದರೆ ಸಿಕ್ಕಿಹಾಕಿಕೊಳ್ಳುತ್ತೇನೆ’ ಎಂಬ ಭಯಕ್ಕೆ ಕಾನೂನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಿವಿಗೊಟ್ಟಿದೆ. ಆರೋಪಿಯೂ ಅಲ್ಲದ, ದೂರುದಾರನೂ ಅಲ್ಲದ ನಿಮ್ಮ ಮುಂದೆ ಹೇಳಿಕೆಯ ಹಾಳೆ ಇಟ್ಟು ಸಹಿ ಕೇಳಿದರೆ, ಆಗುವುದಿಲ್ಲ ಎನ್ನಬಹುದು.

ಸಾಕ್ಷಿಯನ್ನು ಕರೆಸುವುದಕ್ಕೂ ಮಿತಿಯಿದೆ. ಹೆಂಗಸರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಅನಾರೋಗ್ಯದಲ್ಲಿರುವವರು ಠಾಣೆಗೆ ಬರಬೇಕಾಗಿಲ್ಲ. ಪೊಲೀಸರೇ ಮನೆಗೆ ಹೋಗಬೇಕು. ಈ ನಿಯಮ ಎಷ್ಟು ಸಲೀಸಾಗಿ ಮುರಿಯುತ್ತದೆ ಎನ್ನುವುದಕ್ಕೆ ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪಥಿಯವರ ಪ್ರಕರಣವೇ ಸಾಕು. 1977ರಲ್ಲಿ ಅವರನ್ನೇ ಕಟಕ್‌ನ ಠಾಣೆಗೆ ಕರೆಸಿ ಪ್ರಶ್ನೆಗಳ ಪಟ್ಟಿ ಕೊಟ್ಟರು. ಉತ್ತರಿಸದಿದ್ದಕ್ಕೆ ಮೊಕದ್ದಮೆ ಹೂಡಿದರು. ಮರುವರ್ಷ ಸುಪ್ರೀಂ ಕೋರ್ಟ್, ಹೆಣ್ಣುಮಗಳನ್ನು ಠಾಣೆಗೆ ಕರೆಸಿದ್ದೇ ತಪ್ಪು, ತನ್ನನ್ನೇ ಸಿಕ್ಕಿಸುವ ಪ್ರಶ್ನೆಗಳಿಗೆ ಮೌನವಾಗಿರುವ ಹಕ್ಕು ಠಾಣೆಯಲ್ಲೂ ಇದೆ ಎಂದು ಹೇಳಿತು. ಮುಖ್ಯಮಂತ್ರಿಯಾಗಿದ್ದವರಿಗೆ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ಉಳಿದವರ ಪಾಡನ್ನು ಊಹಿಸಿಕೊಳ್ಳಬಹುದು.

ಮೂರನೆಯ ಕಾಗದ ಆರೋಪಿಯ ತಪ್ಪೊಪ್ಪಿಗೆ. ಅದು ಬೇಕೇ ಬೇಕಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಆಗಬೇಕು. ‘ನೀನು ಒಪ್ಪಿಕೊಳ್ಳಲೇಬೇಕೆಂದಿಲ್ಲ, ಒಪ್ಪಿಕೊಂಡರೆ ಅದನ್ನು ನಿನ್ನ ವಿರುದ್ಧ ಬಳಸಬಹುದು’ ಎಂದು ಅವರು ಮೊದಲು ಎಚ್ಚರಿಸಬೇಕು. ಇಲ್ಲೊಂದು ಪುಟ್ಟ ಉಪಕಲಮು ಇದೆ, ಯಾರೂ ಹೆಚ್ಚು ಗಮನಿಸದ್ದು. ಮ್ಯಾಜಿಸ್ಟ್ರೇಟರ ಮುಂದೆ ಬಂದ ಮನುಷ್ಯ ‘ನಾನು ತಪ್ಪೊಪ್ಪಿಗೆ ಕೊಡುವುದಿಲ್ಲ’ ಎಂದರೆ, ಅವನನ್ನು ಮತ್ತೆ ಪೊಲೀಸ್ ವಶಕ್ಕೆ ಕೊಡುವಂತಿಲ್ಲ. ಕೊಟ್ಟರೆ ಏನಾಗುತ್ತದೆ ಎಂದು ಕಾನೂನು ವಿವರಿಸಿಲ್ಲ. ವಿವರಿಸುವ ಅಗತ್ಯ ಅದಕ್ಕೆ ಕಾಣಲಿಲ್ಲ.

ಬಾಗಿಲು ಮುಚ್ಚಿ ಕಿಟಕಿ ತೆರೆದದ್ದು

ಇಷ್ಟೆಲ್ಲ ಎಚ್ಚರ ವಹಿಸಿದ ಕಾನೂನು ಒಂದು ಕಿಂಡಿ ಉಳಿಸಿಕೊಂಡಿತು. ಹಳೆಯ ಸಾಕ್ಷ್ಯ ಅಧಿನಿಯಮದ 27ನೇ ಕಲಮು ಅದು. ಈಗ 23ನೇ ಕಲಮಿನೊಳಗೇ ಸೇರಿಕೊಂಡಿದೆ. ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ.

ಕಳವಿನ ಕೇಸೊಂದನ್ನು ಊಹಿಸಿಕೊಳ್ಳಿ. ಆರೋಪಿ ಹೇಳಿದನೆಂದು ಪೊಲೀಸರು ಬರೆದುಕೊಂಡದ್ದು ಹೀಗಿದೆ: ‘ನಾನು ಹಾರೆಯಿಂದ ಬೀಗ ಮುರಿದು ಒಳಗೆ ಹೋಗಿ ಬೀರುವಿನಲ್ಲಿದ್ದ ಸರವನ್ನು ಕದ್ದೆ. ಅದನ್ನು ನನ್ನ ಮನೆಯ ಹಿತ್ತಿಲಿನ ಚಪ್ಪಡಿ ಕಲ್ಲಿನ ಕೆಳಗೆ ಹೂತಿಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ.’ ನ್ಯಾಯಾಲಯ ಮೊದಲ ವಾಕ್ಯವನ್ನು ಪೂರ್ತಿ ಹೊಡೆದುಹಾಕುತ್ತದೆ. ಎರಡನೆಯದನ್ನು ಇಟ್ಟುಕೊಳ್ಳುತ್ತದೆ. ಹೀಗೆ ವಾಕ್ಯವನ್ನು ಕತ್ತರಿಸುವ ಲೆಕ್ಕ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ, ಆಗ ಭಾರತದ ಕೇಸುಗಳಿಗೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿಕೊಟ್ಟದ್ದು. 1947ರಿಂದ ಎಲ್ಲ ನ್ಯಾಯಾಲಯಗಳೂ ಅದನ್ನೇ ಉದ್ಧರಿಸುತ್ತವೆ. ತರ್ಕ ಸರಳ: ಸರ ನಿಜವಾಗಿಯೂ ಕಲ್ಲಿನ ಕೆಳಗೆ ಸಿಕ್ಕಿದ್ದರೆ, ಅವನಿಗೆ ಅದು ಅಲ್ಲಿದೆಯೆಂದು ಗೊತ್ತಿತ್ತು ಎಂಬಷ್ಟು ಮಾತು ಸುಳ್ಳಿರಲಾರದು.

ತರ್ಕವೇನೋ ಸರಿ. ಆದರೆ ತನಿಖಾಧಿಕಾರಿಯ ಕುರ್ಚಿಯಲ್ಲಿ ಕುಳಿತು ಇದನ್ನೇ ನೋಡಿ. ಬಾಯಿ ಬಿಡಿಸಿದರೆ ಪ್ರಯೋಜನವಿಲ್ಲ, ಮಾಲು ತೋರಿಸುವಂತೆ ಬಾಯಿ ಬಿಡಿಸಿದರೆ ಪ್ರಯೋಜನವಿದೆ. ಹೊಡೆತಕ್ಕೆ ಇದ್ದ ಲಾಭವನ್ನು ಕಾನೂನು ತೆಗೆದುಹಾಕಲಿಲ್ಲ, ಜಾಗ ಬದಲಿಸಿತು. ದಂಡ ಸಂಹಿತೆಯ ಎರಡನೆಯ ದೃಷ್ಟಾಂತದ ಪೊಲೀಸ್ ಅಧಿಕಾರಿ ಇವನೇ. ವಶಪಡಿಸಿಕೊಂಡ ಮುದ್ದೆಮಾಲನ್ನು ಮೇಜಿನ ಮೇಲೆ ಜೋಡಿಸಿ, ಹಿಂದೆ ಅಧಿಕಾರಿಗಳು ಸಾಲಾಗಿ ನಿಂತ ಛಾಯಾಚಿತ್ರಕ್ಕೆ ಅಷ್ಟೊಂದು ಮಹತ್ವ ಬಂದದ್ದೂ ಇದರಿಂದಲೇ ಇರಬೇಕು.

ಈ ಕಿಂಡಿಗೆ ಕಾವಲಾಗಿ ಕಾನೂನು ನಿಲ್ಲಿಸಿದ್ದು ಪಂಚರನ್ನು. ಮಾಲು ಸಿಕ್ಕ ಜಾಗದಲ್ಲಿ ಸ್ಥಳೀಯರಾದ ಇಬ್ಬರು ಸ್ವತಂತ್ರ ವ್ಯಕ್ತಿಗಳು ಹಾಜರಿದ್ದು ಮಹಜರಿಗೆ ಸಹಿ ಮಾಡಬೇಕು. ಪೊಲೀಸರ ಮಾತಿಗೆ ಊರಿನವರ ಮಾತು ಒತ್ತಾಸೆ ಎಂಬ ಎಣಿಕೆ. ಆದರೆ ಮರ್ಯಾದಸ್ಥರು ಪಂಚರಾಗಲು ಒಪ್ಪುವುದಿಲ್ಲ. ಒಮ್ಮೆ ಸಹಿ ಹಾಕಿದರೆ ವರ್ಷಗಟ್ಟಲೆ ಸಮನ್ಸು, ಕೆಲಸ ಬಿಟ್ಟು ಕೋರ್ಟಿಗೆ ಅಲೆದಾಟ, ಆರೋಪಿಯ ಕಡೆಯವರ ದ್ವೇಷ. ಹಾಗಾಗಿ ಠಾಣೆಯ ಸುತ್ತಮುತ್ತ ಸುಲಭಕ್ಕೆ ಸಿಗುವ ಪರಿಚಿತರೇ ಕೇಸಿನಿಂದ ಕೇಸಿಗೆ ಪಂಚರಾಗುತ್ತಾರೆ. ವಿಚಾರಣಾ ನ್ಯಾಯಾಲಯದಲ್ಲಿ ಒಂದು ಬೆಳಿಗ್ಗೆ ಕುಳಿತವರು ಈ ಮಾತನ್ನು ಕೇಳಿಯೇ ಇರುತ್ತಾರೆ: ‘ಪೊಲೀಸರು ಠಾಣೆಗೆ ಕರೆದು ಸಹಿ ಹಾಕಿಸಿಕೊಂಡರು ಸ್ವಾಮಿ, ಅದರಲ್ಲಿ ಏನು ಬರೆದಿತ್ತೋ ನನಗೆ ಗೊತ್ತಿಲ್ಲ. ನನ್ನ ಮುಂದೆ ಏನೂ ವಶಪಡಿಸಿಕೊಂಡಿಲ್ಲ.’ ಸರ್ಕಾರಿ ಅಭಿಯೋಜಕರು ಎದ್ದು, ಸಾಕ್ಷಿ ಪ್ರತಿಕೂಲ ಎಂದು ಪರಿಗಣಿಸಬೇಕೆಂದು ಕೋರುತ್ತಾರೆ. ಕೇಸು ಅಲ್ಲಿಂದ ಇಳಿಜಾರು. ಪಂಚ ಸುಳ್ಳು ಹೇಳಿದನೋ, ಮಹಜರು ಸುಳ್ಳೋ, ನ್ಯಾಯಾಧೀಶರಿಗೂ ತಿಳಿಯುವುದಿಲ್ಲ. ಜನ ಪೊಲೀಸರನ್ನು ನಂಬದಿರುವುದರ ಬೆಲೆಯನ್ನು ಇಲ್ಲಿ ತೆರುವವರು ಸರ ಕಳೆದುಕೊಂಡವರು.

ದಸ್ತಗಿರಿ ‘ತೋರಿಸುವ’ ಹೊತ್ತು

ಭಯದ ಮೂಲ ಬೇರನ್ನು ಹುಡುಕುವುದಾದರೆ ಅದು ಇಲ್ಲಿದೆ ಎಂದು ನನ್ನ ಅನಿಸಿಕೆ. ಸಂವಿಧಾನದ 22ನೇ ವಿಧಿಯ ಪ್ರಕಾರ ದಸ್ತಗಿರಿಯಾದ 24 ಗಂಟೆಯೊಳಗೆ, ಪ್ರಯಾಣದ ವೇಳೆ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಎಲ್ಲರಿಗೂ ಗೊತ್ತಿರುವ ನಿಯಮ. ಆದರೆ ಗಡಿಯಾರ ಶುರುವಾಗುವುದು ಯಾವಾಗ? ಮನೆಯಿಂದ ಕರೆದೊಯ್ದ ಹೊತ್ತಿನಿಂದಲೋ, ದಾಖಲೆಯಲ್ಲಿ ದಸ್ತಗಿರಿ ತೋರಿಸಿದ ಹೊತ್ತಿನಿಂದಲೋ? ‘ಎತ್ತಾಕಿಕೊಂಡು ಹೋಗಿದ್ದಾರೆ, ಇನ್ನೂ ಅರೆಸ್ಟ್ ತೋರಿಸಿಲ್ಲ’ ಎಂದು ಮನೆಯವರು ವಕೀಲರ ಮುಂದೆ ಅಳುವಾಗ ಅವರು ಹೇಳುತ್ತಿರುವುದು ಈ ಎರಡರ ನಡುವಿನ ಕಾಲದ ಬಗ್ಗೆ. ಆ ಹೊತ್ತಿನಲ್ಲಿ ಆ ಮನುಷ್ಯ ಯಾವ ಪುಸ್ತಕದಲ್ಲೂ ಇಲ್ಲ. ‘ವಿಚಾರಣೆಗೆ ಕರೆಸಿದ್ದೇವೆ, ಕಳಿಸುತ್ತೇವೆ’ ಎಂಬ ಬಾಯಿಮಾತಷ್ಟೇ ಅವನ ದಾಖಲೆ.

ಡಿ.ಕೆ. ಬಸು ಪ್ರಕರಣದ ತೀರ್ಪು ಗುರಿಯಿಟ್ಟದ್ದು ಈ ಕತ್ತಲಿಗೆ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಬಸು 1986ರಲ್ಲಿ ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಇಟ್ಟು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಪತ್ರವೇ ರಿಟ್ ಅರ್ಜಿಯಾಯಿತು. 1996ರ ಡಿಸೆಂಬರ್‌ನಲ್ಲಿ ಹನ್ನೊಂದು ನಿರ್ದೇಶನಗಳು ಬಂದವು. ದಸ್ತಗಿರಿ ಮಾಡುವ ಅಧಿಕಾರಿಯ ಎದೆಯ ಮೇಲೆ ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣಬೇಕು. ದಸ್ತಗಿರಿಯ ದಿನ, ಹೊತ್ತು ಬರೆದ ಜ್ಞಾಪನಕ್ಕೆ ಮನೆಯವರೋ ಊರಿನ ಒಬ್ಬರೋ ಸಾಕ್ಷಿಯಾಗಬೇಕು, ದಸ್ತಗಿರಿಯಾದವನೂ ಸಹಿ ಹಾಕಬೇಕು. ಸಂಬಂಧಿಕರಿಗೆ ತಿಳಿಸಬೇಕು. ವಶಕ್ಕೆ ಪಡೆಯುವಾಗ ಮೈಮೇಲಿರುವ ಗಾಯಗಳನ್ನು, ಅವನು ಕೇಳಿಕೊಂಡರೆ, ಬರೆದಿಡಬೇಕು. ವಶದಲ್ಲಿರುವಷ್ಟು ದಿನ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕು. ಇವುಗಳಲ್ಲಿ ಹಲವು ಆಮೇಲೆ ಸಂಹಿತೆಯೊಳಗೇ ಬಂದವು. ವಿಚಾರಣೆ ನಡೆಯುವಾಗ, ಪೂರ್ತಿ ಹೊತ್ತಲ್ಲದಿದ್ದರೂ, ತನ್ನ ವಕೀಲರನ್ನು ಕಾಣುವ ಹಕ್ಕು ಈಗ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮು. ಸೂರ್ಯಾಸ್ತದ ಮೇಲೆ, ಸೂರ್ಯೋದಯದ ಮುಂಚೆ ಹೆಂಗಸರನ್ನು ಬಂಧಿಸಬೇಕಾದರೆ ಅಸಾಧಾರಣ ಕಾರಣ ಬೇಕು, ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯೂ ಬೇಕು.

ಕಾಗದದ ಮೇಲೆ ಇದಕ್ಕಿಂತ ಬಿಗಿಯಾದ ವ್ಯವಸ್ಥೆ ಕಷ್ಟ. ಅದರ ಕೊನೆಯ ಕೊಂಡಿ ಮಾತ್ರ ಮನುಷ್ಯನದು. ಆರೋಪಿಯನ್ನು ಹಾಜರುಪಡಿಸಿದಾಗ ಮ್ಯಾಜಿಸ್ಟ್ರೇಟರು ಕೇಳುತ್ತಾರೆ: ಪೊಲೀಸರಿಂದ ಏನಾದರೂ ತೊಂದರೆ ಆಗಿದೆಯೇ? ಅವನನ್ನು ಕರೆತಂದ ಪೇದೆ ಅವನ ಮಗ್ಗುಲಲ್ಲೇ ಇರುತ್ತಾನೆ. ಇನ್ನು ಕೆಲವೇ ನಿಮಿಷಗಳಲ್ಲಿ ಪೊಲೀಸ್ ವಶಕ್ಕೆ ಕೊಡಬೇಕೋ ಬೇಡವೋ ಎಂಬ ಆದೇಶವಾಗಬೇಕು, ಕೊಡಬೇಕೆಂದಾದರೆ ಅದೇ ಜೀಪಿನಲ್ಲಿ ವಾಪಸು. ‘ಯಾವುದೇ ತೊಂದರೆ ಇಲ್ಲವೆಂದು ಆರೋಪಿ ತಿಳಿಸಿರುತ್ತಾನೆ’ ಎಂಬ ಸಾಲು ಆದೇಶದ ಹಾಳೆಯಲ್ಲಿ ಬೀಳುತ್ತದೆ. ಮುಂದೆ ಆತ ಹೊಡೆದರೆಂದು ಎಷ್ಟು ಹೇಳಿದರೂ, ಅವತ್ತೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುವುದು ಆ ಸಾಲಿನಿಂದ.

ಬಂಧನವೇ ಅಗತ್ಯವಿತ್ತೇ ಎಂಬುದು ಇನ್ನೂ ಹಿಂದಿನ ಪ್ರಶ್ನೆ. 1977ರಲ್ಲಿ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ರಾಷ್ಟ್ರೀಯ ಪೊಲೀಸ್ ಆಯೋಗ, ಆಗುತ್ತಿದ್ದ ಬಂಧನಗಳಲ್ಲಿ ಸುಮಾರು ಶೇ 60ರಷ್ಟು ಅನಗತ್ಯ ಅಥವಾ ಸಮರ್ಥನೆಯಿಲ್ಲದವು ಎಂದಿತು. ಬಂಧಿಸುವ ಅಧಿಕಾರವಿದೆ ಎಂಬ ಮಾತ್ರಕ್ಕೆ ಬಂಧಿಸುವಂತಿಲ್ಲ ಎಂದು 1994ರಲ್ಲಿ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಏಳು ವರ್ಷದವರೆಗಿನ ಸಜೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬೇಡಿ, ಮೊದಲು ನೋಟಿಸು ಕೊಡಿ ಎಂದು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಮತ್ತೆ ಹೇಳಬೇಕಾಯಿತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸು ಕೈಗೆ ಬಂದರೆ ಗಾಬರಿ ಬೀಳುವುದಕ್ಕಿಂತ, ಅದನ್ನು ಪಾಲಿಸಿದಷ್ಟು ಕಾಲ ವಿಶೇಷ ಕಾರಣ ಬರೆಯದೆ ಬಂಧಿಸುವಂತಿಲ್ಲ ಎಂದು ತಿಳಿಯುವುದು ಉಪಯುಕ್ತ.

ದೂರು ಕೊಡಲು ಹೋದವರ ಭಯ

ಆರೋಪಿಯದು ಒಂದು ಭಯವಾದರೆ, ಕಳೆದುಕೊಂಡವರದು, ಪೆಟ್ಟು ತಿಂದವರದು ಇನ್ನೊಂದು. ಅವರಿಗೆ ಹೊಡೆತದ ಭಯವಿಲ್ಲ, ಅಲಕ್ಷ್ಯದ ಭಯ. ‘ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ’, ‘ಇದು ನಮ್ಮ ಸರಹದ್ದಿಗೆ ಬರುವುದಿಲ್ಲ’, ‘ಇಬ್ಬರೂ ಕೂತು ರಾಜಿ ಮಾಡಿಕೊಳ್ಳಿ’. ದೂರನ್ನು ಅರ್ಜಿಯೆಂದು ತೆಗೆದುಕೊಂಡು, ಎದುರು ಪಕ್ಷದವರನ್ನು ಕರೆಸಿ, ಕೊನೆಗೆ ಒಂದು ಹಿಂಬರಹ ಕೊಟ್ಟು ಮುಗಿಸುವ ಪದ್ಧತಿಗೆ ಕಾರಣ ಸೋಮಾರಿತನವೊಂದೇ ಅಲ್ಲ. ಎಫ್‌ಐಆರ್ ಹೆಚ್ಚಿದಷ್ಟೂ ಆ ಠಾಣೆಯ ಸರಹದ್ದಿನಲ್ಲಿ ಅಪರಾಧ ಹೆಚ್ಚಾಯಿತೆಂದು ಲೆಕ್ಕ. ಮೇಲಧಿಕಾರಿಗಳ ಮಾಸಿಕ ಸಭೆಯಲ್ಲಿ ಬೈಸಿಕೊಳ್ಳುವವರು ಪಿಎಸ್‌ಐ.

ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸಂವಿಧಾನ ಪೀಠ ತೀರ್ಮಾನಿಸಿತು. ಸರಹದ್ದಿನ ನೆಪಕ್ಕೆ ಉತ್ತರವಾಗಿ ಶೂನ್ಯ ಎಫ್‌ಐಆರ್ ಈಗ ಶಾಸನದಲ್ಲೇ ಇದೆ: ಯಾವ ಠಾಣೆಯಾದರೂ ದಾಖಲಿಸಿಕೊಂಡು ಸಂಬಂಧಿಸಿದ ಠಾಣೆಗೆ ಕಳಿಸಬೇಕು. ಠಾಣೆಯಲ್ಲಿ ಆಗದಿದ್ದರೆ ಎಸ್‌ಪಿಗೆ ಲಿಖಿತ ದೂರು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರು. ಅತ್ಯಾಚಾರದಂಥ ಕೆಲವು ಅಪರಾಧಗಳಲ್ಲಿ ದೂರು ಬರೆದುಕೊಳ್ಳದ ಅಧಿಕಾರಿಗೆ ಕನಿಷ್ಠ ಆರು ತಿಂಗಳ ಕಠಿಣ ಸಜೆಯಿದೆ. ಆದರೂ ಹೊಸ ಸಂಹಿತೆ, ಮೂರರಿಂದ ಏಳು ವರ್ಷದೊಳಗಿನ ಸಜೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿದೆ. ಕಿಂಡಿ ಬಿಡದೆ ಬಾಗಿಲು ಮುಚ್ಚುವ ಅಭ್ಯಾಸ ನಮ್ಮ ಶಾಸಕರಿಗೆ ಇಲ್ಲ.

ಎಲ್ಲರಿಗೂ ಒಂದೇ ಭಯವಲ್ಲ

ಪೊಲೀಸರ ಭಯವನ್ನು ಎಲ್ಲರ ಭಯ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಪರಿಚಯದ ಶಾಸಕರಿಂದ ಒಂದು ಫೋನು ಮಾಡಿಸಬಲ್ಲವರಿಗೆ ಠಾಣೆಯಲ್ಲಿ ಕುರ್ಚಿ ಸಿಗುತ್ತದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ನೋಂದಾಯಿಸಿತು. ಊರು ಬಿಡಬೇಕಾದರೆ ಪರವಾನಗಿ, ಪೊಲೀಸರ ಮುಂದೆ ಹಾಜರಿ. ತಂತಿಬೇಲಿಯೊಳಗೆ ಇಂಥ ಕುಟುಂಬಗಳನ್ನು ಕೂಡಿಹಾಕಿದ್ದ ವಸಾಹತುಗಳ ನೆನಪು ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಬಡಾವಣೆಯ ಹೆಸರಾಗಿ ಉಳಿದಿದೆ. 1952ರ ಆಗಸ್ಟ್ 31ರಂದು ಆ ಪಟ್ಟಿ ರದ್ದಾಯಿತು. ಕೊರಚ, ಕೊರಮ, ಗಂಟಿಚೋರ, ಕಂಜರಭಾಟ ಸಮುದಾಯಗಳ ಹಿರಿಯರನ್ನು ಮಾತಿಗೆಳೆದರೆ, ಊರಿನಲ್ಲಿ ಕಳ್ಳತನವಾದಾಗ ಜೀಪು ಮೊದಲು ಎಲ್ಲಿಗೆ ಬರುತ್ತಿತ್ತು ಎಂದು ಅವರೇ ಹೇಳುತ್ತಾರೆ. ಪಟ್ಟಿ ಹೋದರೂ ‘ರೂಢಿಗತ ಅಪರಾಧಿ’ ಎಂಬ ಹೆಸರಿನ ಕಾನೂನುಗಳು ಬಂದವು.

ಈ ಭಯವನ್ನು ಅಧಿಕಾರಸ್ಥರೇ ದಾಖಲಿಸಿದ್ದೂ ಹೊಸದಲ್ಲ. 1902ರಲ್ಲಿ ಲಾರ್ಡ್ ಕರ್ಜನ್ ಕಾಲದಲ್ಲಿ ನೇಮಕವಾದ ಫ್ರೇಸರ್ ಆಯೋಗ, ಪೊಲೀಸರು ಭ್ರಷ್ಟರು ಮತ್ತು ಪೀಡಕರು ಎಂಬ ಹೆಸರು ಪಡೆದಿದ್ದಾರೆ, ಜನರ ವಿಶ್ವಾಸ ಗಳಿಸುವಲ್ಲಿ ಸಂಪೂರ್ಣ ವಿಫಲರಾಗಿದ್ದಾರೆ ಎಂದು ಬರೆಯಿತು. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಎ.ಎನ್. ಮುಲ್ಲಾ 1960ರ ದಶಕದ ಆರಂಭದಲ್ಲಿ ಇನ್ನೂ ಕಟುವಾಗಿ, ಅಪರಾಧದ ದಾಖಲೆಯಲ್ಲಿ ಪೊಲೀಸ್ ಪಡೆಯನ್ನು ಸರಿಗಟ್ಟುವ ಬೇರೊಂದು ಗುಂಪು ದೇಶದಲ್ಲಿಲ್ಲ ಎಂಬರ್ಥದ ಮಾತು ತೀರ್ಪಿನಲ್ಲಿ ಬರೆದರು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ಆ ಸಾಲುಗಳನ್ನು ತೆಗೆಸಿಹಾಕಿತು. ತೆಗೆಸಿಹಾಕಿದ ಸಾಲುಗಳೇ ಎಲ್ಲರಿಗೂ ನೆನಪಿರುವುದು.

ಹಾಗಾದರೆ ಪೊಲೀಸರನ್ನು ನಂಬಬಹುದೇ?

ಪೊಲೀಸರ ಕಡೆಯ ಮಾತೂ ಪೊಳ್ಳಲ್ಲ. ಮಧ್ಯಾಹ್ನ ಮಂತ್ರಿಗಳ ಬಂದೋಬಸ್ತು, ಸಂಜೆ ಜಾತ್ರೆ, ರಾತ್ರಿ ಗಸ್ತು ಮುಗಿಸಿದ ಅಧಿಕಾರಿಯೇ ಕೊಲೆ ಕೇಸಿನ ತನಿಖೆಯನ್ನೂ ನಡೆಸಬೇಕು. ಪ್ರಯೋಗಾಲಯದ ವರದಿ ತಿಂಗಳುಗಟ್ಟಲೆ ಬರುವುದಿಲ್ಲ. ನಾಳೆ ವರ್ಗಾವಣೆಯಾಗದು ಎಂಬ ಖಾತರಿಯಿಲ್ಲ. ನಮ್ಮ ಮಾತನ್ನೇ ನಂಬದ ಕಾನೂನು ನಮ್ಮಿಂದ ಶಿಕ್ಷೆಯ ಪ್ರಮಾಣ ಹೆಚ್ಚಿಸಿ ಎಂದು ಕೇಳುವುದು ಯಾವ ನ್ಯಾಯ ಎನ್ನುತ್ತಾರೆ. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಈ ವಾದಕ್ಕೆ ಒಲಿದು, ಎಸ್‌ಪಿ ದರ್ಜೆಯ ಅಧಿಕಾರಿ ಧ್ವನಿ ಅಥವಾ ದೃಶ್ಯ ಮುದ್ರಣದೊಂದಿಗೆ ದಾಖಲಿಸಿದ ತಪ್ಪೊಪ್ಪಿಗೆಯನ್ನು ಒಪ್ಪಬಹುದು ಎಂದಿತು. ಭಯೋತ್ಪಾದನೆ ತಡೆಗೆಂದು ತಂದಿದ್ದ ಟಾಡಾ ಕಾಯ್ದೆಯಲ್ಲಿ, ಆಮೇಲೆ ಪೋಟಾದಲ್ಲಿ ಇಂಥ ಅವಕಾಶವಿತ್ತು. ನಮ್ಮದೇ ರಾಜ್ಯದ 2000ದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯಲ್ಲಿ, ಜನ ‘ಕೋಕಾ’ ಎನ್ನುವುದರಲ್ಲಿ, ಈಗಲೂ ಇದೆ.

ಈ ರಿಯಾಯಿತಿ ಎಲ್ಲ ಅಪರಾಧಗಳಿಗೂ ಹರಡಬಾರದು ಎಂಬುದು ನನ್ನ ಪಕ್ಷ. ದರ್ಜೆ ಏರಿದಂತೆ ನಂಬಿಕೆ ಏರಬೇಕು ಎಂಬ ವಾದ, ದೋಷವೆಲ್ಲ ಕೆಳಗಿನ ನೌಕರರದು ಎಂದ 1855ರ ಆಯೋಗದ ವಾದವೇ. ಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿ, ಇಂದಿಗೂ ಅನುಮೋದಿಸದೆ ಕುಳಿತಿರುವಾಗ ಈ ನಂಬಿಕೆಯನ್ನು ಯಾವ ಆಧಾರದ ಮೇಲೆ ಕೊಡುವುದು? ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್, ತನಿಖೆಯನ್ನು ಕಾನೂನು-ಸುವ್ಯವಸ್ಥೆಯಿಂದ ಬೇರ್ಪಡಿಸಿ, ಠಾಣಾಧಿಕಾರಿಗೆ ಎರಡು ವರ್ಷದ ಖಚಿತ ಅವಧಿ ಕೊಡಿ, ಪೊಲೀಸ್ ದೂರು ಪ್ರಾಧಿಕಾರ ರಚಿಸಿ ಎಂದು ಹೇಳಿತ್ತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಧಿಕಾರವನ್ನು ಕಾಗದಕ್ಕೆ ತಂದಿತು. ಅಂಥದೊಂದು ಇದೆಯೆಂದು ನಿಮ್ಮ ಪರಿಚಯದ ಎಷ್ಟು ಜನರಿಗೆ ಗೊತ್ತು, ಕೇಳಿ ನೋಡಿ.

ಹೊಸ ಸಂಹಿತೆ ಎರಡೂ ಕಡೆಗೆ ಎಳೆದಿದೆ. ಹಿಂದೆ ಪೊಲೀಸ್ ವಶಕ್ಕೆ ಕೊಡಬಹುದಾದ 15 ದಿನಗಳು ಬಂಧನದ ಮೊದಲ 15 ದಿನಗಳಲ್ಲೇ ಮುಗಿಯಬೇಕಿತ್ತು. ಈಗ ಅವನ್ನು ತುಂಡು ತುಂಡಾಗಿ, ಅಪರಾಧದ ಗಂಭೀರತೆಗೆ ತಕ್ಕಂತೆ 40 ಅಥವಾ 60 ದಿನಗಳ ಅವಧಿಯಲ್ಲಿ ಹಂಚಿಕೊಳ್ಳಬಹುದು. ಜೈಲಿಗೆ ಹೋದವನು ಮತ್ತೆ ಠಾಣೆಗೆ ಬರುವ ಸಾಧ್ಯತೆ ಅಷ್ಟು ದಿನ ತಲೆಯ ಮೇಲೆ ತೂಗುತ್ತದೆ. ಇನ್ನೊಂದು ಕಡೆ, 105ನೇ ಕಲಮಿನಂತೆ ಶೋಧನೆ ಮತ್ತು ವಶಪಡಿಸಿಕೊಳ್ಳುವಿಕೆಯನ್ನು ಮೊಬೈಲಿನಲ್ಲಾದರೂ ಸರಿ ಚಿತ್ರೀಕರಿಸುವುದು ಕಡ್ಡಾಯ. ಚಪ್ಪಡಿ ಕಲ್ಲನ್ನು ಎತ್ತುವುದು ಇನ್ನು ಮುಂದೆ ವಿಡಿಯೋದಲ್ಲಿ ಇರಬೇಕು, ಪಂಚ ತಿರುಗಿಬಿದ್ದರೂ ನ್ಯಾಯಾಧೀಶರು ನೋಡಬಹುದು. ಆದರೆ ಆ ವಿಡಿಯೋ ಶುರುವಾಗುವುದು ಹಿತ್ತಿಲಿನಲ್ಲಿ. ‘ಬಂದರೆ ತೋರಿಸುತ್ತೇನೆ’ ಎಂದು ಅವನು ಹೇಳಿದ್ದು, ಹೇಳುವ ಮುಂಚೆ ನಡೆದದ್ದು, ಠಾಣೆಯಲ್ಲಿ.

ಅದಕ್ಕಿರುವುದು ಸಿಸಿಟಿವಿ. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್, ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರರ ಕೊಠಡಿ ಎಲ್ಲೆಡೆ ರಾತ್ರಿಯಲ್ಲೂ ಕಾಣುವ, ಧ್ವನಿಯನ್ನೂ ಹಿಡಿಯುವ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅಂಥ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಆದೇಶಿಸಿದೆ. ಠಾಣೆಯಲ್ಲಿ ಬಲಪ್ರಯೋಗದಿಂದ ಗಾಯವೋ ಸಾವೋ ಆದರೆ ನೊಂದವರು ಮಾನವ ಹಕ್ಕುಗಳ ಆಯೋಗಕ್ಕೋ ನ್ಯಾಯಾಲಯಕ್ಕೋ ಹೋಗಬಹುದು, ಅವು ಆ ದೃಶ್ಯಗಳನ್ನು ತರಿಸಿಕೊಳ್ಳಬಹುದು. ವಕೀಲರನ್ನಿಡುವ ಶಕ್ತಿಯಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಅರ್ಜಿಯಲ್ಲಿ ‘ಪೊಲೀಸರು ಕಿರುಕುಳ ಕೊಟ್ಟರು’ ಎಂದಷ್ಟೇ ಬರೆದರೆ ಏನೂ ಸಿಗುವುದಿಲ್ಲ. ಯಾವ ಠಾಣೆ, ಯಾವ ತಾರೀಕು, ಮನೆಯಿಂದ ಕರೆದೊಯ್ದದ್ದು ಎಷ್ಟು ಹೊತ್ತಿಗೆ, ದಸ್ತಗಿರಿ ತೋರಿಸಿದ್ದು ಎಷ್ಟು ಹೊತ್ತಿಗೆ ಎಂದು ಬರೆದು, ಆ ನಡುವಿನ ಗಂಟೆಗಳ ದೃಶ್ಯವನ್ನು ಅಳಿಸದೆ ಕಾಯ್ದಿಡಲು ಆದೇಶಿಸಬೇಕೆಂದು ಮೊದಲ ದಿನವೇ ಕೇಳಬೇಕು.